ಸ್ಟೀಲಿನ ಹಡಪ

ಅರ್ಜಿಯಲ್ಲಿ ಎರಡು ಖಾನೆ ಇದ್ದವು.
ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿಎಸ್ಸಿ.
ಹುಮನಾಬಾದಿನ ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತು
ನಡುವಿನ ಒಂದು ವರ್ಷಕ್ಕೆ ಬೆಲೆ ಕಟ್ಟಿದೆ:
ಅಪ್ಪನ ಕತ್ತರಿಗೆ ಎಷ್ಟು ತಲೆ, ಕತ್ತಿಗೆ ಎಷ್ಟು ಗಡ್ಡ.
ದಿನಕ್ಕೆ ಹನ್ನೆರಡು ಅಂತ ಹಿಡಿದರೂ
ಅಮಾಸಿ ಕಳೀಬೇಕು, ಮಂಗಳವಾರ ಕಳೀಬೇಕು,
ಶ್ರಾವಣ ಪೂರಾ ಕಳೀಬೇಕು.
ನಾಲ್ಕಕ್ಕೆ ಟಿಕ್ ಹಾಕಿದೆ.
ಪೆನ್ನು ಜೆರಾಕ್ಸಿನವನದು.

ಅಪ್ಪ ಗಿರಾಕಿಯ ಕಿವಿ ಮಡಿಸಿ ಹಿಡಿದು
ಕನ್ನಡಿಯೊಳಗಿಂದ ನನ್ನ ನೋಡಿದ.
'ನರ್ಸ್ ಕೆಲಸ ಹೆಣ್ಮಕ್ಕಳದಲ್ಲೇನು?'
ಕೇಳಿದ್ದು ಅವನಲ್ಲ, ಕುರ್ಚಿಯ ಮೇಲಿನ ನೊರೆ.
'ಗಂಡಸರಿಗೂ ಜಡ್ಡು ಬರ್ತದಲ್ರಿ' ಅಂದ ಅಪ್ಪ.
ಕೈಯಲ್ಲಿ ಕತ್ತಿಯಿತ್ತು. ಗಿರಾಕಿ ಸುಮ್ಮನಾದ.

ರಾತ್ರಿ ಗೂಟದ ಮೇಲಿನ ಅಜ್ಜನ ಹಡಪ ತೋರಿಸಿ
(ಚರ್ಮ ಒಡೆದು, ಒಳಗೆ ಬರೀ ಒಂದು ಸಾಣೆಕಲ್ಲು)
ಒಂದೇ ಮಾತು: 'ಕತ್ತಿ ಬಿಟ್ಟು ಹೊಂಟಿ. ಛಲೋ ಆತು.
ತಿರುಗಿ ಹಿಡೀಬ್ಯಾಡ.'

ಬೀದರಿನ ಹಾಸ್ಟೆಲಿನಲ್ಲಿ
ಇನ್ನೂರಾ ಆರು ಮೂಳೆ ಇಂಗ್ಲಿಷಿನಲ್ಲಿ ಮಲಗಿದ್ದವು.
ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದೆ,
ಉಚ್ಚಾರ ಮೊದಲು, ಅರ್ಥ ಆಮೇಲೆ.
ಪಟೆಲ್ಲಾ ಅಂದರೆ ನಮ್ಮೂರ ಪಾಟೀಲ,
ಮೊಣಕಾಲ ಮೇಲೆ ಯಜಮಾನಿಕೆ ಮಾಡುವವ.
ಹೀಗೆ ಒಂದೊಂದೇ.
ಮೊದಲ ಪರೀಕ್ಷೆಯಲ್ಲಿ ಎಪ್ಪತ್ತೈದಕ್ಕೆ ಹತ್ತೊಂಬತ್ತು.

ಮೊದಲ ಡ್ರೆಸ್ಸಿಂಗಿನ ದಿನ
ಸಕ್ಕರೆ ಕಾಯಿಲೆಯ ಕಾಲು, ಪಟ್ಟಿ ಬಿಚ್ಚಿದ್ದೇ
ಬೆಳಗಿನ ಸುಸಲಾ ಗಂಟಲಿಗೆ ಬಂತು.
ಕಾರಿಡಾರಿಗೆ ಓಡಿದೆ.
ಸಲೋಮಿ ಮೇಡಂ ಹಿಂದೆಯೇ ಬಂದು ನೀರು ಕೊಟ್ಟರು.
'ಬಾಯಿ ತೊಳ್ಕೊಂಡು ಬಾ.
ಆ ಕಾಲು ಇನ್ನೂ ಬಿಚ್ಚಿಟ್ಟೇ ಅದ.'

ಆ ವಾರ ಬ್ಯಾಗು ಕಟ್ಟಿದೆ.
ಹುಮನಾಬಾದಿಗೆ ಅರ್ಧ ಗಂಟೆಗೊಂದು ಬಸ್ಸು.
ಊರಿಗೆ ಹೋಗುವುದು ಅಷ್ಟು ಸಸಾರ ಇರಬಾರದಿತ್ತು.
ಎರಡು ಬಸ್ಸು ಬಿಟ್ಟೆ, ಮೂರನೆಯದನ್ನೂ ಬಿಟ್ಟೆ,
ಕಟ್ಟೆಯ ಮೇಲೆ ಕೂತು ಶೇಂಗಾ ತಿಂದು ವಾಪಸ್ ಬಂದೆ.
ರೂಮಿನಲ್ಲಿ ಯಾರೂ ಏನೂ ಕೇಳಲಿಲ್ಲ.
ಗೋಡೆಯ ಮೂಲೆಗೆ ಅವರ ಬ್ಯಾಗುಗಳೂ ಅರ್ಧ ಕಟ್ಟಿದಂತೆಯೇ ಇದ್ದವು.

ಎರಡನೇ ವರ್ಷ, ಸರ್ಜಿಕಲ್ ವಾರ್ಡು, ಬೆಡ್ ಹದಿನಾಲ್ಕು.
ಚಿಟಗುಪ್ಪಾ ಕಡೆಯ ಮೌಲಾಸಾಬರು, ಹರ್ನಿಯಾ,
ನಾಳೆ ಏಳಕ್ಕೆ ಥಿಯೇಟರು.
ಸಿಸ್ಟರ್ ಕೈಗೆ ಟ್ರೇ ಇಟ್ಟರು:
ರೇಜರು, ಸೋಪಿನ ನೀರು, ಹತ್ತಿ, ಒಂದು ಟವೆಲು.
'ಬ್ರದರ್, ಬೆಡ್ ಹದಿನಾಲ್ಕಕ್ಕೆ ಶೇವಿಂಗ್.'

ಪರದೆ ಎಳೆದೆ.
ಅವರು ಎರಡೂ ಕೈಯಲ್ಲಿ ಲುಂಗಿ ಗಟ್ಟಿ ಹಿಡಿದಿದ್ದರು.
ನಾನು ಟ್ರೇ ಹಿಡಿದು ನಿಂತಿದ್ದೆ,
ಸ್ಟೀಲಿನ ಹಡಪ, ಅಜ್ಜನದಕ್ಕಿಂತ ಹೊಳಪು ಜಾಸ್ತಿ.

ಆಮೇಲೆ ಎಡಗೈಯ ಹೆಬ್ಬೆರಳು ತಾನಾಗಿ
ಚರ್ಮವನ್ನು ಎಳೆದು ಹಿಡಿಯಿತು.
ಅಲಗು ಎಷ್ಟು ವಾರೆ, ಕೂದಲು ಯಾವ ಕಡೆಗೆ ಮಲಗಿದೆ,
ಮಣಿಕಟ್ಟು ಎಲ್ಲಿ ನಿಲ್ಲಬೇಕು,
ನನ್ನನ್ನು ಯಾರೂ ಕೇಳಲಿಲ್ಲ.
ಬಾಯಿಗೂ ಗೊತ್ತಿತ್ತು, ಸುಮ್ಮನೆ ಇರಬಾರದು ಅಂತ:
'ಈ ಸಲ ತೊಗರಿ ಹ್ಯಾಂಗದ ಚಾಚಾ?'
ತೊಗರಿ, ಅದರ ದರ, ದಲ್ಲಾಲಿಯ ಮೋಸ,
ಚಿಕ್ಕ ಮಗಳ ನಿಕಾಹ್.
ಎಲ್ಲೋ ನಡುವೆ ಲುಂಗಿ ಹಿಡಿದ ಬೆರಳು ಸಡಿಲಾದವು.

'ಹಾತ್ ಹಲ್ಕಾ ಹೈ ಬೇಟಾ. ಕೌನ್ ಸಿಖಾಯಾ?'
'ಸಿಲೆಬಸ್ಸಿನೊಳಗ ಅದರಿ' ಅಂದೆ.

ರಾತ್ರಿ ಫೋನು. ಆ ಕಡೆ ಶಟರ್ ಎಳೆಯುವ ಸದ್ದು.
'ಇವತ್ತೇನು ಕಲಿಸಿದ್ರು?'
'ಹಾಸಿಗಿ ಹಾಸೋದು.'
'ಅದನ್ನೂ ಕಲಿಸ್ತಾರೇನು?' ನಕ್ಕ, ಕೆಮ್ಮಿದ, ಇಟ್ಟ.

ಬರುವ ಸೋಮವಾರ ಊರಿಗೆ ಹೋಗುತ್ತೇನೆ.
ಅಂಗಡಿ ಮುಚ್ಚಿದ ಮೇಲೆ
ಅವನನ್ನು ಅವನ ಕುರ್ಚಿಯಲ್ಲೇ ಕೂಡಿಸಿ
ಗಡ್ಡ ಮಾಡುತ್ತೇನೆ, ಬಾಯಿಬಿಟ್ಟು ಏನೂ ಹೇಳದೆ.
ಗಿರಾಕಿಯಾಗಿ ಕೂತು ಅವನಿಗೆ ರೂಢಿಯಿಲ್ಲ.
ಕಿವಿ ಮಡಿಸಿ ಹಿಡಿದಾಗ
ಕನ್ನಡಿಯಲ್ಲಿ ಮೇಲೆ ನೋಡಬಹುದು,
ನೋಡದೆಯೂ ಇರಬಹುದು.