ನಲವತ್ತೊಂದು

ಯೋರ್ಡಿಸ್ ಅಡುಗೆಮನೆಯ ಮೇಜಿನ ಮೇಲೆ
ಹಳೇ ಕಂಬಳಿ ಹಾಸಿ ಕೋವಿ ಮಲಗಿಸಿದ್ದಳು,
ಜ್ವರ ಬಂದ ಕೂಸನ್ನು ಮಲಗಿಸಿದ ಹಾಗೆ.
ಪಕ್ಕಕ್ಕೆ ಕಾಫಿ, ಏಲಕ್ಕಿ ಬನ್ನು.
ಆಲ್ಗೋಟ್ ಹೋಗಿ ಹನ್ನೊಂದು ತಿಂಗಳು.
'ಎರಡೂವರೆ ಸಾವಿರ ಕ್ರೋನರ್,' ಎಂದಳು,
'ಬೇಡವಾದರೆ ಬೇಡ ಅನ್ನು. ಬನ್ನು ಮಾತ್ರ ತಿಂದು ಹೋಗು.'

ನನಗೂ ಒಂದು ಕೋವಿ ಬೇಕು.
ಏಳು ವರ್ಷದಿಂದ ತಮ್ಮನದನ್ನು ಎರವಲು ತಂದು
ಅವನ ಉದ್ದ ತೋಳಿನ ಅಳತೆಗೆ ನನ್ನ ಕುತ್ತಿಗೆ ಚಾಚಿ
ಪ್ರತಿ ಸೆಪ್ಟೆಂಬರ್ ಬಲಭುಜದಲ್ಲಿ
ಕಾಡು ಬೆರ್ರಿ ಬಣ್ಣದ ಬಾವು.
ಶಾಲೆ ಬಸ್ಸಿನ ಸ್ಟೀರಿಂಗ್ ತಿರುಗಿಸುವಾಗಲೆಲ್ಲ
ಅದು ತಮ್ಮನ ಹೆಸರು ಹೇಳುತ್ತದೆ.

ಆದರೆ ಇದರ ಹೊಟ್ಟೆ ಬೇರೆ.
ಒಂಬತ್ತು ಪಾಯಿಂಟ್ ಮೂರು, ಸರಿ, ಅದು ಎಷ್ಟೋ ಜನರದು;
ಉದ್ದ ಮಾತ್ರ ಐವತ್ತೇಳು.
ನಮ್ಮ ತಂಡವೆಲ್ಲ ಹೊಡೆಯುವುದು ಅರವತ್ತೆರಡು.
ನಡುವೆ ಐದು ಮಿಲಿಮೀಟರ್,
ಒಂದು ಬಾರ್ಲಿ ಕಾಳಿಗಿಂತ ಮೋಟು.
ಅಷ್ಟಕ್ಕೇ ಈ ಕಬ್ಬಿಣ
ಬೇರೆಯವರ ಅನ್ನ ಮುಟ್ಟುವುದಿಲ್ಲ.
ಕಾಡಿನಲ್ಲಿ ಮುಗಿದರೆ ಯಾರೂ ಸಾಲ ಕೊಡಲಾರರು.

ಸ್ವೇಗ್ ಪೇಟೆಯಲ್ಲಿ ಫೋಲ್ಕೆ ನಕ್ಕ.
'ಐವತ್ತೇಳಾ? ಆ ತೋಟೆ ಮಾಡುವವರು
ಮನಸ್ಸು ಬಂದ ವರ್ಷ ಮಾಡುತ್ತಾರೆ.
ಒಂದು ಪೆಟ್ಟಿಗೆಯ ದುಡ್ಡಿಗೆ ಒಂದು ಕುರಿಮರಿ ಬರುತ್ತೆ.
ಹುಲ್ಲಿಲ್ಲದ ಊರಲ್ಲಿ ಹಸು ಕಟ್ಟಬೇಡ.'
ಹೇಳುತ್ತಲೇ ಹೊಸದೊಂದನ್ನು ಕೈಗಿಟ್ಟ:
ಕಪ್ಪು ಪ್ಲಾಸ್ಟಿಕ್ಕು, ಹಗುರ, ಹಿಮಕ್ಕೆ ಹೆದರದ್ದು.
ಅವನು ಹೇಳಿದ್ದೆಲ್ಲ ನಿಜ.
ನಿಜ ಹೇಳುವವರ ಅಂಗಡಿಯಿಂದ
ಬರಿಗೈಲಿ ಬರುವುದು ಕಷ್ಟ.
ಬಂದೆ.

ಎತ್ತಿದೆ.
ಭುಜಕ್ಕೆ ತಾನಾಗೇ ಬಂತು,
ಕೆನ್ನೆ ಹುಡುಕುವ ಮೊದಲೇ ಮರ ಸಿಕ್ಕಿತು,
ಸ್ವಂತ ಮನೆಯ ಕತ್ತಲಲ್ಲಿ ಸ್ವಿಚ್ಚು ಸಿಕ್ಕಂತೆ.
ಆರಡಿ ಮೂರಿಂಚಿನ ಆಲ್ಗೋಟನ ಕೋವಿ
ನನಗೆ ಹೇಗೆ?
ಬುಡ ತಿರುಗಿಸಿದರೆ ಗರಗಸದ ಗುರುತು.
ಮೂರು ಬೆರಳು ಮರ ಕತ್ತರಿಸಿ, ಉಜ್ಜಿ, ಎಣ್ಣೆ ಕುಡಿಸಿದ್ದಾರೆ.

'ಅವನದು ಅಂತ ಯಾರು ಹೇಳಿದರು?' ಎಂದಳು ಯೋರ್ಡಿಸ್,
ಬನ್ನಿನ ತಟ್ಟೆ ನನ್ನತ್ತ ತಳ್ಳುತ್ತ, ಸ್ವಲ್ಪ ತಪ್ಪು ಕಡೆಗೆ.
'ಅವನು ಹೊತ್ತ. ಹೊಡೆದವಳು ನಾನು.
ಊರಿಗೆ ಎತ್ತರದವರೇ ಕಾಣುವುದು.'
ಕಣ್ಣು ಮಂಜಾಗಿ ಮೂರು ವರ್ಷವಂತೆ.

ಆಮೇಲೆ ತಂಬಾಕಿನ ಡಬ್ಬಿ ತೆರೆದು
ಬೆರಳಲ್ಲೇ ಎಣಿಸಿದಳು, ಜೋಳದ ತೆನೆ ಸವರಿದ ಹಾಗೆ.
'ನಲವತ್ತೊಂದು. ಮದ್ದು ಅಳೆದು ತುಂಬಿದ್ದು ಅವನೇ.
ಇದೇ ಮೇಜು.
ನನ್ನ ಕಣ್ಣಿನ ಮದ್ದೂ
ಇಲ್ಲೇ ಅಳೆಯುತ್ತಿದ್ದ, ಹನಿ ಎಣಿಸಿ.'

ವರ್ಷಕ್ಕೆ ಎರಡು:
ಒಂದು ಜುಲೈನಲ್ಲಿ ಹಲಗೆಗೆ, ಗುರಿ ಸರಿಯಿದೆಯೇ ಎಂದು;
ಒಂದು ಎಲ್ಕ್‌ಗೆ, ಅದು ಎದುರು ನಿಲ್ಲುವ ದಯೆ ತೋರಿದರೆ.
ಇಪ್ಪತ್ತು ವರ್ಷ.
ನನಗೀಗ ಐವತ್ತೆಂಟು.
ಲಿಲ್‌ಹೆರ್ದಾಲ್ ತಿರುವಿನಲ್ಲಿ ಬಸ್ಸು ಹೊರಳಿಸುತ್ತ ಕೂಡಿದೆ,
ಹಿಂದೆ ಮಕ್ಕಳು ಯಾರದೋ ಟೋಪಿಗೆ ಕಿತ್ತಾಡುತ್ತಿದ್ದವು.
ಎಪ್ಪತ್ತೆಂಟು.
ಯೋರ್ಡಿಸಳಿಗೆ ಈಗ ಅಷ್ಟೇ.
ತಪ್ಪಿದ ಈಡುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.
ನಾನು ತಪ್ಪುತ್ತೇನೆ.

ಪೊಲೀಸರ ಅರ್ಜಿಯಲ್ಲಿ ಒಂದು ಪ್ರಶ್ನೆ:
ಈ ಕೋವಿಯೇ ಏಕೆ?
ಉತ್ತರಕ್ಕೆ ಎರಡು ಗೆರೆ.
'ಎಲ್ಕ್ ಬೇಟೆಗೆ' ಎಂದು ಬರೆದೆ, ಹೊಡೆದು ಹಾಕಿದೆ.
'ಮರ ಮೊದಲೇ ಕತ್ತರಿಸಿದೆ' ಎಂದು ಬರೆದೆ,
ಅದನ್ನೂ.
ಮೇ ತಿಂಗಳ ರಾತ್ರಿ, ಹತ್ತಾದರೂ ಬೆಳಕು,
ನಾಯಿ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿತ್ತು.

ಫೋನು ಮಾಡಿದೆ.
ಇಪ್ಪತ್ತು ವರ್ಷಕ್ಕೆ ನಲವತ್ತು ಹೋದರೆ
ಒಂದು ಉಳಿಯುತ್ತದಲ್ಲ, ಅದನ್ನೇನು ಮಾಡಲಿ?
ನಿದ್ದೆಯಲ್ಲಿದ್ದಳೇನೋ, ಹೊತ್ತು ಹಿಡಿಯಿತು.
'ಡಬ್ಬಿಯಲ್ಲೇ ಇರಲಿ,' ಎಂದಳು.
'ಖಾಲಿ ಡಬ್ಬಿ ಕೊಟ್ಟು ಕಳಿಸುತ್ತಾರೇನೇ ಯಾರಾದರೂ?'