ನಾಲ್ಕು ಮಿಲಿಮೀಟರ್

ವೀರಶೆಟ್ಟಿ ಸ್ಟುಡಿಯೋದಾಗ ಹೇಳಿದ್ದು ಒಂದೇ ಮಾತು:
"ಟೀಚರ್, ಸ್ವಲ್ಪ ಬಾಯಿ ಮುಚ್ಚಿ ನಗ್ರಿ."
ಮುಚ್ಚಿದೆ. ನಗು ಎಲ್ಲಿ ಹೋಯ್ತೋ.
ವರನ ಕಡೆಯವರಿಗೆ ಕಳಿಸಿದ ಫೋಟೋದಾಗ
ನಾನು ಪಾಸ್‌ಬುಕ್ಕಿಗೆ ಕೂತವಳ ಹಂಗ.

ಹದಿನೈದು ದಿನ ಕನ್ನಡಿ ಮುಂದ ತುಟಿ ಅಳೆದೆ,
ಚಹಾ ಲೋಟದ ಅಂಚಿನಾಗ ನಗು ಬಚ್ಚಿಟ್ಟೆ,
ಕೊನೆಗೆ ಒಂದು ಶನಿವಾರ
ಉದಗೀರ ರಸ್ತೆಯ ಡಾಕ್ಟರ್ ನುಸ್ರತ್ ಮುಂದ ಕೂತೆ.

"ನಗ್ರಿ" ಅಂದರು. ನಕ್ಕೆ.
"ಹಂಗಲ್ಲ. ಮನ್ಯಾಗ ನಗೋ ಹಂಗ."
ಆಗ ಬಂತು ನೋಡ್ರಿ, ಒಸಡು ಸಮೇತ,
ಉಪ್ಪು ಹಚ್ಚಿದ ಕೆಂಪು ಪೇರಲದ ಹೋಳು.
ಸ್ಟೀಲ್ ಸ್ಕೇಲಿಟ್ಟು ಅಳೆದರು: ನಾಲ್ಕು ಮಿಲಿಮೀಟರ್.
ಅಷ್ಟೇನಾ?
ನಾನು ಗಜಗಟ್ಟಲೆ ಅಂದುಕೊಂಡಿದ್ದೆ.

ಹಲ್ಲು ನೋಡಿದರು, ದವಡೆ ಹಿಡಿದು ನೋಡಿದರು.
"ದವಡೆ ಉದ್ದ ಇದ್ದಿದ್ದರ ಈ ಸೂಜಿ ದಂಡ,
ಒಸಡು ಬೆಳೆದು ಹಲ್ಲು ಮುಚ್ಚಿದ್ದರೂ ದಂಡ.
ನಿಮ್ಮದು ತುಟಿ ಎತ್ತೋ ಸ್ನಾಯುವಿನ ಉತ್ಸಾಹ, ಅಷ್ಟ."
ಉತ್ಸಾಹ! ಮೂವತ್ತೊಂದು ವರ್ಷದಾಗ
ಯಾರೂ ಆ ಹೆಸರು ಇಟ್ಟಿರಲಿಲ್ಲ.

ಮೂಗಿನ ಎರಡೂ ಬದಿ ಒಂದೊಂದು ಚುಚ್ಚು.
ಎರಡು ವಾರದಾಗ ಸ್ನಾಯು ಮೆತ್ತಗಾಗ್ತದ,
ಮೂರು ನಾಲ್ಕು ತಿಂಗಳಿಗೆ ಮತ್ತ ಎದ್ದು ಕೂಡ್ತದ.
ಬಾಡಿಗೆ ತುಟಿ, ಕರಾರು ಮುಗಿದರ ಮತ್ತ ರೊಕ್ಕ.
"ವಿಷ ಅಲ್ಲೇನ್ರಿ ಇದು?"
"ಹೌದು," ಅಂದರು, ಕಣ್ಣು ತಪ್ಪಿಸಲಿಲ್ಲ.
"ಕೆಟ್ಟ ಡಬ್ಬಿ ಊಟದಾಗ ಮನುಷ್ಯಾನ ಕೊಲ್ಲೋದು ಇದೇ.
ಇಲ್ಲಿ ಹನಿಯೊಳಗಿನ ಹನಿ. ಅಪಾಯ ಕಮ್ಮಿ, ಸೊನ್ನೆ ಅಲ್ಲ.
ನಗು ಒಂದು ಕಡೆ ವಾಲಬಹುದು, ತುಟಿ ಜೋತು ಬೀಳಬಹುದು.
ಬಸುರಿಗೆ, ಹಾಲೂಡಿಸೋ ತಾಯಿಗೆ,
ನರದ ಬ್ಯಾನಿ ಇದ್ದವರಿಗೆ ನಾ ಹಾಕೋದಿಲ್ಲ.
ಅಗ್ಗ ಅಂತ ಪಾರ್ಲರಿನವರು ಕರೆದರ ಹೋಗಬ್ಯಾಡ್ರಿ."
ಪೆನ್ನಿನ ಮುಚ್ಚಳ ತೆಗೆದು ಕೊನೆಗೆ ಕೇಳಿದರು,
"ಕೆಲಸ ಏನು ಮಾಡ್ತೀರಿ?"

ಕಿವುಡ ಮಕ್ಕಳ ಶಾಲೆ, ಅಂದೆ.
ತುಟಿ ಓದೋದು ಕಲಿಸ್ತೀನಿ.

ಪೆನ್ನು ನಿಂತಿತು.

ಏರ್‌ಫೋರ್ಸ್ ವಿಮಾನ ತಲೆ ಮ್ಯಾಲೆ ಹಾದಾಗ
ಬೀದರ ಊರೆಲ್ಲ ಮಾತು ನಿಲ್ಲಿಸ್ತದ, ನಮ್ಮ ಕ್ಲಾಸು ನಿಲ್ಲಿಸೋದಿಲ್ಲ.
ಕಿಟಕಿ ಗಾಜು ನಡುಗಿದ್ದನ್ನ ಜಗದೇವಿ ಬೆರಳಿಟ್ಟು ಕೇಳ್ತಾಳ,
ಮತ್ತ ನನ್ನ ಬಾಯಿಗೆ ಕಣ್ಣು ತರ್ತಾಳ.
ಪ, ಬ, ಮ. ತುಟಿಗೆ ಮೂರೂ ಒಂದೇ.
ಪ ಅಂದರ ಅಂಗೈಗೆ ಗಾಳಿ,
ಬ ಅಂದರ ಗಂಟಲಿಗೆ ಕೈ,
ಮ ಅಂದರ ನನ್ನ ಮೂಗಿನ ಎರಡೂ ಬದಿ
ಅವಳ ಸಣ್ಣ ಬೆರಳು,
ಸೂಜಿ ಹೋಗಬೇಕಾದ ಅದೇ ಜಾಗ.

"ಹೆಚ್ಚಿನವರಿಗೆ ಏನೂ ಆಗೋದಿಲ್ಲ," ಅಂದರು ಡಾಕ್ಟರ್.
"ಕೆಲವರಿಗೆ ಕೆಲವು ವಾರ ಈ ಅಕ್ಷರ ಜಡ ಆಗ್ತಾವ,
ಸೀಟಿ ಬರೋದಿಲ್ಲ, ಸ್ಟ್ರಾದಾಗ ಕುಡಿಯೋಕ ಆಗೋದಿಲ್ಲ.
ಬ್ಯಾರೆಯವರಿಗೆ ಅದು ಸಣ್ಣ ಮಾತು.
ನೋಡ್ರಿ, ಬ್ಯಾಸಗಿ ರಜಾದಾಗ ಬರ್ರಿ. ಬೇಕನಿಸಿದರ."
ಒಪ್ಪಿಗೆ ಕಾಗದ ಮಡಚಿ ಕೈಗಿಟ್ಟರು.

ಒಂದು ಮಾತು ಅವರಿಗೆ ಹೇಳಲಿಲ್ಲ.
ಕಲಾವತಿ ಚನಶೆಟ್ಟಿ, ಆ ಮಕ್ಕಳ ಕೈಗೆ ಉದ್ದ ಹೆಸರು.
ಅವರು ನನಗ ಸನ್ನೆ ಹೆಸರು ಇಟ್ಟಾರ:
ತೋರುಬೆರಳಿಲೆ ಮ್ಯಾಲಿನ ತುಟಿ ಎತ್ತಿ ಒಸಡು ತಟ್ಟೋದು.
ಮೊದಲನೇ ವರ್ಷ ಅದು ತಿಳಿದ ದಿನ
ಬಾತ್‌ರೂಮಿನ ನಳ ಬಿಟ್ಟು ಅತ್ತೆ,
ನಳ ಯಾಕ ಬಿಟ್ಟೆನೋ, ಕೇಳೋರು ಯಾರಿದ್ದರು ಅಲ್ಲಿ.
ಈಗ ಮಸ್ತಾನ ಗೇಟಿನ ಹತ್ತಿರ ನನ್ನ ಕಂಡರ
ಆ ಬೆರಳೆತ್ತಿ ಅಂಗಳಕ್ಕೆಲ್ಲ ಸಾರ್ತಾನ: ಬಂದ್ಲು.

ಮೇ ಇನ್ನೂ ದೂರ ಅದ.
ಕಾಗದ ಬಸ್ ಪಾಸಿನ ಹಿಂದ ಅದ,
ಹರಿದಿಲ್ಲ, ಸಹಿ ಹಾಕಿಲ್ಲ.
ವರನ ಕಡೆಯವರು ಇನ್ನೊಂದು ಫೋಟೋ ಕೇಳ್ಯಾರ.
ವೀರಶೆಟ್ಟಿಗೆ ಹೇಳಬೇಕು:
ಈ ಸಲ ಮೊದಲ ಫ್ಲ್ಯಾಶ್ ಹೊಡೀರಿ,
"ನಗ್ರಿ" ಅಂತ ಆಮ್ಯಾಲ ಅನ್ರಿ.