ತಪ್ಪಿಲ್ಲ

ಅವೆನ್ಯೂ ರಸ್ತೆಯಲ್ಲಿ ನೂರಿಪ್ಪತ್ತಕ್ಕೆ ಕೊಂಡೆ.
ಇನ್ನೂರು ಅಂದಿದ್ದ; ಕೊನೇ ಹಾಳೆಗಳಿಲ್ಲ, ನೋಡು, ಎಂದು ಇಳಿಸಿದೆ.
ಉತ್ತರಗಳಿದ್ದ ಹಾಳೆಗಳೇ ಅವು,
ಮನೆಗೆ ಬಂದಮೇಲೆ ತಿಳಿಯಿತು.

ಮೊದಲ ಪುಟದಲ್ಲಿ ನೀಲಿ ಶಾಯಿ:
ಫಿಲೋಮಿನಾ ಎಸ್., ಲಿಂಗರಾಜಪುರ.
ಇಸವಿ ಇಲ್ಲ.

ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆ, ರಾತ್ರಿ ಪಾಳಿ.
ಔಷಧಿ ಅಂಗಡಿಯ ಗಾಜಿನ ಹಿಂದೆ ನಾನು.
ಎರಡು ಗಂಟೆಗೆ ಫ್ರಿಜ್ಜೊಂದೇ ಮಾತಾಡುತ್ತದೆ.
ಅದರೊಳಗೆ ಇನ್ಸುಲಿನ್ನಿನ ಪಕ್ಕ, ಇಡಬಾರದು, ನನ್ನ ಮೊಸರನ್ನ.
ಹದಿನೇಳಕ್ಕೆ ಪರೀಕ್ಷೆ. ಅಂಕ ಬಂದರೆ
ದೊಡ್ಡಾಸ್ಪತ್ರೆಯಲ್ಲಿ ಹಗಲು ಕೆಲಸ ಕೊಡುತ್ತಾರಂತೆ.

ಒಂದು ವಾಕ್ಯ, ಅದರಡಿ ನಾಲ್ಕು ಗೆರೆ.
ತಪ್ಪು ಯಾವ ಗೆರೆಯ ಮೇಲೆ ಕೂತಿದೆ, ಹೇಳು.
ಐದನೆಯದು: ತಪ್ಪಿಲ್ಲ.

ಫಿಲೋಮಿನಾ ಐದನೆಯದನ್ನು ಮುಟ್ಟಿದವಳೇ ಅಲ್ಲ.
ಪುಟಗಟ್ಟಲೆ ಪೆನ್ಸಿಲ್ಲು, ಎಲ್ಲದರಲ್ಲೂ ಏನೋ ಒಂದು ಕಂಡಿದೆ ಅವಳಿಗೆ.
ನೆಟ್ಟಗೆ ಹೋಗುತ್ತಿದ್ದ ವಾಕ್ಯವನ್ನೂ
ಪಕ್ಕಕ್ಕೆ ಹಾಕಿಸಿ ಲೈಸೆನ್ಸ್ ಕೇಳಿದ್ದಾಳೆ.

ಮಾಗಡಿ ರಸ್ತೆಯ ಕಾರ್ಪೊರೇಷನ್ ಶಾಲೆಯಲ್ಲಿ
ಪಂಕಜಾಕ್ಷಿ ಮೇಡಂ ನಮಗೆ ಬೆಂಚು ತಟ್ಟಿಸಿ ಹೇಳಿಸುತ್ತಿದ್ದರು
ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ,
ಮಗ್ಗಿಯ ಹಾಗೆ.
ದೆಸೆಯಿಂದ ಎಂದು ಈವರೆಗೆ ಯಾರೊಡನೆಯೂ ಅಂದಿಲ್ಲ ನಾನು.
ಆದರೂ ಬಾಯಿಗೆ ಗೊತ್ತು.
ಈ ಪುಸ್ತಕದಲ್ಲಿ ಬಾಯಿಗೆ ಏನೂ ಗೊತ್ತಿಲ್ಲ.

ಇಲ್ಲಿ ದಿ ಬೇಕೇ, ಎ ಬೇಕೇ, ಏನೂ ಬೇಡವೇ?
ನಮ್ಮಲ್ಲಿ ಮಾತ್ರೆ ಅಂದರೆ ಮಾತ್ರೆ.
ಯಾವುದೋ ಒಂದು ಸಾಕೋ, ಅದೇ ಬೇಕೋ,
ಕೌಂಟರಿನ ಮೇಲಿಟ್ಟ ಬೆರಳು ನೋಡಿದರೆ ತಿಳಿಯುತ್ತದೆ.

ನೈದರ್, ನಾರ್. ಇವಳೂ ಅಲ್ಲ, ಅವರೂ ಅಲ್ಲ ಎನ್ನುವಾಗ
ಕ್ರಿಯಾಪದ ಯಾರ ಮಾತು ಕೇಳಬೇಕು?
ಹತ್ತಿರ ಕೂತವರದು, ಅನ್ನುತ್ತದೆ ನಿಯಮ.
ಎರಡು ಕೋಣೆಯಲ್ಲಿ ಒಂಬತ್ತು ಜನರ ನಡುವೆ ಬೆಳೆದವಳು ನಾನು,
ಇದಕ್ಕೂ ಪಾಠವೇ ಎಂದು ನಕ್ಕೆ.

ಕರ್ಮಣಿ ಪ್ರಯೋಗ ಆದಷ್ಟೂ ಬೇಡ,
ಮಾಡಿದವರು ಮೊದಲು ಬರಲಿ, ಎಂದಿದೆ ನೂರ ಹತ್ತನೇ ಪುಟ.
ಅದೇ ವಾರ ಮಾಲೀಕರ ಪತ್ರ:
ಆರು ವಯಲ್ ಕಡಿಮೆ ಇರುವುದು ಕಂಡುಬಂದಿದೆ,
ಸಂಬಳದಲ್ಲಿ ಕಡಿತಗೊಳಿಸಲಾಗುವುದು.
ಕಂಡವರಾರು, ಕಡಿಯುವವರಾರು,
ವಾಕ್ಯದೊಳಗೆ ನರಪಿಳ್ಳೆಯಿಲ್ಲ.
ಕೆಳಗೆ ನನ್ನ ಸಹಿಗೆ ಮಾತ್ರ ಜಾಗ ಬಿಟ್ಟಿದ್ದರು.

ಮೂರೂವರೆಗೆ ಒಬ್ಬ, ಹೆಲ್ಮೆಟ್ಟೂ ತೆಗೆಯದೆ:
ಮೇಡಂ, ಮಗು, ಜ್ವರ, ಡ್ರಾಪ್ಸ್.
ವಿಭಕ್ತಿ ಇಲ್ಲ, ಕ್ರಿಯಾಪದ ಇಲ್ಲ.
ತೂಕ ಎಷ್ಟು ಅಂದೆ. ಒಂಬತ್ತು ಅಂದ.
ಚಿಲ್ಲರೆ ಮರೆತು ಓಡಿದ.
ಹದಿನಾಲ್ಕು ರೂಪಾಯಿ ಡಬ್ಬಿಯಲ್ಲಿದೆ, ಬಂದರೆ ಕೊಡಬೇಕು.

ನೂರ ನಲವತ್ತೆರಡನೇ ಪುಟಕ್ಕೆ ಪೆನ್ಸಿಲ್ ನಿಲ್ಲುತ್ತದೆ.
ಕೊನೆಯ ಪ್ರಶ್ನೆಗೆ, ಮೊದಲ ಸಲ, ಐದನೆಯದು.
ಒತ್ತಿ ಹಾಕಿದ್ದಾಳೆ; ಹಿಂಬದಿಗೆ ಬೆರಳಾಡಿಸಿದರೆ ಉಬ್ಬು ಸಿಗುತ್ತದೆ.
ಆಮೇಲೆ ಬರೀ ಅಚ್ಚು.
ಪಾಸಾದಳೋ, ಫೀಸಿಗೆ ದುಡ್ಡು ಕೂಡಲಿಲ್ಲವೋ,
ಒಂದು ಸರಿ ಸಿಕ್ಕಿತಲ್ಲ, ಸಾಕು ಅನಿಸಿತೋ.

ಆ ವಾಕ್ಯವನ್ನು ಎಷ್ಟು ಸಲ ಓದಿದೆನೋ.
ಎರಡನೇ ಗೆರೆಯ ಮೇಲೆ ನನಗೆ ಅನುಮಾನ,
ಒಂದು ಹ್ಯಾಡ್ ಜಾಸ್ತಿಯಾಗಿದೆ.
ಕೇಳೋಣವೆಂದರೆ ಉತ್ತರದ ಹಾಳೆ
ಎಲ್ಲೋ ಕಡಲೆಕಾಯಿ ಕಟ್ಟಿಕೊಂಡು ಹೋಗಿದೆ.

ರಬ್ಬರ್ ಇತ್ತು. ಅಳಿಸಲಿಲ್ಲ.
ಅವಳ ಗುರುತಿನ ಪಕ್ಕ ಸಣ್ಣದಾಗಿ, ಪೆನ್ನಿನಲ್ಲಿ, ಎರಡು ಎಂದು ಬರೆದೆ.
ಹೊರಗೆ ಹಾಲಿನ ಕ್ರೇಟುಗಳು ಇಳಿಯುವ ಸದ್ದು.

ಸಂಬೋಧನೆಯನ್ನು ಪಂಕಜಾಕ್ಷಿ ಮೇಡಂ
ಗಂಟೆ ಹೊಡೆಯುವಾಗ ಅವಸರದಲ್ಲಿ ಮುಗಿಸುತ್ತಿದ್ದರು:
ಅದು ಕರೆಯುವುದಕ್ಕೆ ಅಷ್ಟೇ, ಪರೀಕ್ಷೆಗೆ ಬರಲ್ಲ.

ಫಿಲೋಮಿನಾ,
ನೂರ ನಲವತ್ತಮೂರು.